ಬೆಳ್ವೊಲದ ಹೂವಿನ ಋಣ

ಮಲಪ್ರಭೆಯ ತೆಂಕಣ ಸೀಮೆಯಲ್ಲಿ ಕಣ್ಣು ಹಾಯುವಷ್ಟು ದೂರ ಹರಡಿಕೊಂಡ ಎರೆಭೂಮಿಯನ್ನು ಹಿಂದಿನವರು ಬೆಳ್ವೊಲ ಎಂದು ಕರೆದರು. ಶಾಸನಗಳಲ್ಲಿ ಅದು ಬೆಳ್ವೊಲ-300. ಅಣ್ಣಿಗೇರಿ ಆ ನಾಡಿನ ರಾಜಧಾನಿ. ಅದರ ಸುತ್ತಲಿನ ನವಲಗುಂದ, ಕುಂದಗೋಳಗಳ ಬಯಲು ಜೋಳ, ಕಡಲೆ, ಹತ್ತಿ, ಕುಸುಬೆಗಳ ತವರು. ಪಡುವಣಕ್ಕೆ ಕಲಘಟಗಿ, ಅಲ್ಲಿಂದ ಮಲೆನಾಡಿನ ಸೆರಗು ಶುರುವಾಗುತ್ತದೆ. ಬಯಲಿನ ಊರುಗಳಿಗೆ ಅನ್ನ ಸಮೃದ್ಧ, ನೀರು ದುರ್ಲಭ. ಬೇಸಿಗೆ ಬಂತೆಂದರೆ ಎರೆ ಬಾಯಿ ಬಿಡುತ್ತದೆ, ಕೆರೆಯ ತಳ ಕಾಣುತ್ತದೆ, ಹೆಣ್ಣುಮಕ್ಕಳು ಕೊಡ ಹೊತ್ತು ಹರದಾರಿ ನಡೆಯುತ್ತಿದ್ದ ಕಾಲ ಇನ್ನೂ ಹಿರಿಯರ ನೆನಪಿನಲ್ಲಿದೆ. ಅಂಥ ನೆಲದಲ್ಲಿ ಮಲ್ಲಿಗೆ ಬಳ್ಳಿಗೆ ಒಂದು ತಂಬಿಗೆ ನೀರು ಹಾಕುವುದೆಂದರೆ ಮನೆಯವರ ಪಾಲಿನ ನೀರಿನಲ್ಲಿ ಹೂವಿಗೂ ಒಂದು ಪಾಲು ಇಟ್ಟಂತೆ.

ಆದ್ದರಿಂದಲೇ ಈ ಸೀಮೆಯಲ್ಲಿ ಹೂ ಕೊಡುವುದು ಎಂದೂ ಹಗುರವಾದ ಕೆಲಸವಾಗಲಿಲ್ಲ. ಒಬ್ಬರು ಇನ್ನೊಬ್ಬರಿಗೆ ಹೂ ಕೊಟ್ಟರೆ ಅವರಿಬ್ಬರ ನಡುವೆ ಒಂದು ಋಣ ಹುಟ್ಟುತ್ತಿತ್ತು; ಆ ಋಣಕ್ಕೆ ಊರು ಸಾಕ್ಷಿಯಾಗುತ್ತಿತ್ತು. ದೇವರಿಗೆ ಕೊಟ್ಟರೂ ಅಷ್ಟೇ, ಸೊಸೆಯಾಗಿ ಬರುವವಳಿಗೆ ಕೊಟ್ಟರೂ ಅಷ್ಟೇ, ಸತ್ತವರಿಗೆ ಕೊಟ್ಟರೂ ಅಷ್ಟೇ. ರಾಜರು ಬಂದು ಹೋದರು, ರಾಜ್ಯಗಳು ಕೈ ಬದಲಾದವು. ಹೂವಿನ ಈ ಋಣ ಸಾವಿರ ವರ್ಷ ಮುರಿಯದೆ ನಡೆದು ಬಂದಿತು.

ಕಲ್ಲಿನಲ್ಲಿ ಕೊರೆದ ಹೂದೋಟ

ಕಲ್ಯಾಣದ ಚಾಲುಕ್ಯರಲ್ಲಿ ಒಂದನೆಯ ಸೋಮೇಶ್ವರ ಆಳುತ್ತಿದ್ದ ಕಾಲ. ಸುಮಾರು 1050ರಲ್ಲಿ ಅಣ್ಣಿಗೇರಿಯಲ್ಲಿ ಅಮೃತೇಶ್ವರನ ಗುಡಿ ಎದ್ದು ನಿಂತಿತು. 76 ಕಂಬಗಳ ಆ ದೇಗುಲವನ್ನು ಬಳಪದ ಕಲ್ಲಿನಲ್ಲಿ ಕಡೆದರು. ಕುಂದಗೋಳದ ಶಂಭುಲಿಂಗನ ಗುಡಿಯೂ ಅದೇ ಶತಮಾನದ್ದು. ಗುಡಿ ಕಟ್ಟಿಸಿದ ಮಾತ್ರಕ್ಕೆ ದೇವರ ಸೇವೆ ನಡೆದುಹೋಗುವುದಿಲ್ಲ ಎಂಬುದು ಆ ಕಾಲದವರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕಾಗಿ ಅವರು ದತ್ತಿ ಬಿಟ್ಟರು, ದತ್ತಿಯ ವಿವರವನ್ನು ಕಲ್ಲಿನ ಮೇಲೆ ಬರೆಸಿದರು.

ಚಾಲುಕ್ಯರ ಕಾಲದ ದತ್ತಿ ಶಾಸನಗಳನ್ನು ಓದುತ್ತ ಹೋದರೆ ಆ ಜನರ ಮನಸ್ಸು ಕಾಣುತ್ತದೆ. ದೇವರ ಅಂಗಭೋಗಕ್ಕೆ, ರಂಗಭೋಗಕ್ಕೆ, ನಂದಾದೀಪದ ಎಣ್ಣೆಗೆ, ಓದುವ ಮಕ್ಕಳ ಊಟಕ್ಕೆ ಎಂದು ನೆಲ ಹಂಚಿದ ಸಾಲುಗಳ ನಡುವೆ ‘ಪೂದೋಂಟ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಜೋಳ ಬೆಳೆಯುವ ಹೊಲವನ್ನು ಅಳೆದ ಮತ್ತರು, ಕಮ್ಮಗಳ ಅಳತೆಯಲ್ಲೇ ಹೂದೋಟವನ್ನೂ ಅಳೆದರು. ಆಚಾರ್ಯನ ಕಾಲು ತೊಳೆದು, ಅವನ ಕೈಗೆ ಧಾರೆ ಎರೆದು, ಹೊಲವನ್ನು ಒಪ್ಪಿಸಿದಂತೆಯೇ ಹೂದೋಟವನ್ನೂ ಒಪ್ಪಿಸಿದರು. ಶಾಸನದ ಕೊನೆಗೆ ಬರುವ ಶಾಪವೂ ಎರಡಕ್ಕೂ ಒಂದೇ: ಈ ಧರ್ಮವನ್ನು ಕೆಡಿಸಿದವನು ವಾರಣಾಸಿಯಲ್ಲಿ, ಕುರುಕ್ಷೇತ್ರದಲ್ಲಿ ಕವಿಲೆ ಹಸುಗಳನ್ನು ಕೊಂದ ಪಾಪಕ್ಕೆ ಹೋಗುತ್ತಾನೆ. ಹೂವಿನ ಗಿಡ ಕಿತ್ತವನಿಗೂ ಅನ್ನದ ಹೊಲ ಕಿತ್ತುಕೊಂಡವನಿಗೂ ಒಂದೇ ಪಾಪವನ್ನು ಹೊರಿಸಿದ ಕಾಲ ಅದು.

ಅದೇ ಶಾಸನಗಳಲ್ಲಿ ‘ಚೈತ್ರ ಪವಿತ್ರ’ ಎಂಬ ಪರ್ವಗಳ ಮಾತೂ ಉಂಟು. ಚೈತ್ರದಲ್ಲಿ ದೇವರಿಗೆ ದವನ ಏರಿಸುವ ಹಬ್ಬ. ಮಳೆಗಾಲದಲ್ಲಿ ಪವಿತ್ರದ ನೂಲು ತೊಡಿಸುವ ಹಬ್ಬ. ಅರಸನ ಹೆಸರು ಇಂದು ಊರವರ ಬಾಯಲ್ಲಿ ಉಳಿದಿಲ್ಲ. ದವನ ಉಳಿದಿದೆ. ಚೈತ್ರದ ಹುಣ್ಣಿಮೆಯನ್ನು ಇಲ್ಲಿಯ ಜನ ಇಂದಿಗೂ ದವನದ ಹುಣ್ಣಿಮೆ ಎನ್ನುತ್ತಾರೆ. ಆ ದಿನ ನವಲಗುಂದದ ನೆರೆಯ ಸವದತ್ತಿಯ ಯಲ್ಲಮ್ಮನಿಗೆ ದವನ ಏರುತ್ತದೆ.

ಅಣ್ಣಿಗೇರಿಯ ನೆಲ ಆಗಲೇ ಕಾವ್ಯದ ನೆಲವೂ ಆಗಿತ್ತು. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. 902ರಲ್ಲಿ ಹುಟ್ಟಿದ ಪಂಪ 941ರಲ್ಲಿ ಆದಿಪುರಾಣವನ್ನೂ ವಿಕ್ರಮಾರ್ಜುನ ವಿಜಯವನ್ನೂ ಬರೆದ. ವಿಕ್ರಮಾರ್ಜುನ ವಿಜಯದಲ್ಲಿ ಬನವಾಸಿಯನ್ನು ನೆನೆಯುವಾಗ ಅವನ ಮನಸ್ಸು ಅರಮನೆಗಿಂತ ಮೊದಲು ಹೋಗಿ ಮುಟ್ಟಿದ್ದು ಮಲ್ಲಿಗೆ, ಸಂಪಿಗೆಗಳನ್ನು. ಎರಡು ಶತಮಾನ ಕಳೆದ ಮೇಲೆ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಅರಸನ ಉಪಭೋಗಗಳನ್ನು ವಿವರಿಸುವಾಗ ಮಾಲೆ ಧರಿಸುವುದಕ್ಕೆಂದೇ ಒಂದು ಅಧ್ಯಾಯ ಮೀಸಲಿಟ್ಟ. ಹೂವಿನ ಮರ್ಯಾದೆ ದೇವರ ಗರ್ಭಗುಡಿಯಿಂದ ದೊರೆಯ ಓಲಗದವರೆಗೆ ಹಬ್ಬಿತ್ತು.

ಕೇಡಿನ ದಿನಗಳೂ ಬಂದವು. ಚೋಳರ ದಂಡು ಬೆಳ್ವೊಲಕ್ಕೆ ನುಗ್ಗಿ ಜಿನಾಲಯಗಳನ್ನು ಹಾಳುಗೆಡವಿತು. ಅಣ್ಣಿಗೇರಿಯ ಪೆರ್ಮಾಡಿ ಬಸದಿಯೂ ಆ ಬೆಂಕಿಗೆ ಸಿಕ್ಕಿತು. ಗಾವರವಾಡದ ಶಾಸನ ಈ ದುಃಖವನ್ನು ದಾಖಲಿಸಿದೆ. ಅದೇ ಶಾಸನ, 1071-72ರ ಹೊತ್ತಿಗೆ ನಾಡನ್ನಾಳುತ್ತಿದ್ದ ಲಕ್ಷ್ಮರಸ ಆ ಬಸದಿಯ ಧರ್ಮವನ್ನು ಮತ್ತೆ ನೆಲೆಗೊಳಿಸಿದ್ದನ್ನೂ ಹೇಳುತ್ತದೆ. ಗುಡಿ, ಬಸದಿಗಳ ಜೀರ್ಣೋದ್ಧಾರವೆಂದರೆ ಗೋಡೆ ಎತ್ತುವುದಷ್ಟೇ ಅಲ್ಲ. ನಿಂತುಹೋದ ಪೂಜೆ ಮತ್ತೆ ನಡೆಯಬೇಕು, ಬರಿದಾದ ಪೀಠಕ್ಕೆ ಮತ್ತೆ ಹೂ ಏರಬೇಕು.

ಆ ಕಾಳಗಗಳಲ್ಲಿ, ದನಗಳನ್ನು ಕೊಳ್ಳೆ ಹೊಡೆಯುವ ತುರುಗೋಳುಗಳಲ್ಲಿ ಮಡಿದವರಿಗೆ ಊರವರು ವೀರಗಲ್ಲು ನಿಲ್ಲಿಸಿದರು. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವ ನೋಟ, ಮೇಲೆ ಶಿವಸಾನ್ನಿಧ್ಯ. ರಾಜರ ಹೆಸರು ಗೊತ್ತಿಲ್ಲದ ಹಳ್ಳಿಗಳಲ್ಲೂ ಇಂಥ ಕಲ್ಲಿಗೆ ಹಬ್ಬದ ದಿನ ಎಣ್ಣೆ ಸವರಿ, ಕುಂಕುಮ ಹಚ್ಚಿ, ಹೂ ಏರಿಸುವವರು ಇದ್ದಾರೆ. ಊರಿಗಾಗಿ ಪ್ರಾಣ ಕೊಟ್ಟವನಿಗೆ ಊರು ಸಲ್ಲಿಸುವ ವಾರ್ಷಿಕ ಕಾಣಿಕೆ ಅದು.

ಶರಣರ ಕೈಗೆ ಬಂದ ಹೂ

12ನೇ ಶತಮಾನದಲ್ಲಿ ಕಲ್ಯಾಣದಲ್ಲಿ ಎದ್ದ ಶರಣರ ಚಳವಳಿ ಹೂವಿನ ದಾರಿಯನ್ನೂ ಬದಲಿಸಿತು. ಲಿಂಗ ಗರ್ಭಗುಡಿಯಿಂದ ಅಂಗೈಗೆ ಬಂದಿತು. ಅಂಗೈಯ ಲಿಂಗಕ್ಕೆ ಮತ್ತರುಗಟ್ಟಲೆ ಹೂದೋಟ ಬೇಕಾಗಿರಲಿಲ್ಲ. ಬೇಲಿಯ ಸಾಲಿನ ತುಂಬೆ ಹೂ ಸಾಕು, ಒಂದು ಬಿಲ್ವಪತ್ರಿ ಸಾಕು. ಅರಸನ ದತ್ತಿಯನ್ನು ನೆಚ್ಚಿಕೊಂಡಿದ್ದ ಪೂಜೆ ಒಕ್ಕಲಿಗನ, ನೇಕಾರನ, ಕಾಯಕದವರ ಮನೆಯ ನಿತ್ಯದ ಕೆಲಸವಾಯಿತು.

ಮನೆಮನೆಗೆ ಹೂ ಬೇಕಾದ ಮೇಲೆ ಅದನ್ನು ತಂದುಕೊಡುವ ಕೈಗಳೂ ಬೇಕಾದವು. ಶರಣರಿಗೆ ಹೂ, ಪತ್ರಿ ಒದಗಿಸುವುದನ್ನೇ ಕಾಯಕ ಮಾಡಿಕೊಂಡ ಹೂಗಾರ ಮಾದಯ್ಯನನ್ನು ಹೂಗಾರ ಸಮುದಾಯ ತನ್ನ ಮೂಲಪುರುಷನೆಂದು ಇಂದಿಗೂ ನೆನೆಯುತ್ತದೆ. ಅವನ ನಂತರ ಬಂದ ಕವಿ ಹರಿಹರ ದೋರಸಮುದ್ರದ ಕರಣಿಕತನ ಬಿಟ್ಟು ಹಂಪೆಗೆ ಬಂದು ವಿರೂಪಾಕ್ಷನ ಸೇವೆಗೆ ನಿಂತ. ನಸುಕಿನಲ್ಲಿ ಎದ್ದು ಹೂ ಕೊಯ್ಯುವುದನ್ನು, ಕಟ್ಟುವುದನ್ನು, ಏರಿಸುವುದನ್ನೇ ವಸ್ತುವಾಗಿಟ್ಟುಕೊಂಡು ಅವನು ಬರೆದ ‘ಪುಷ್ಪರಗಳೆ’ ಕನ್ನಡಕ್ಕೆ ದಕ್ಕಿತು. ಹೂ ಕೊಯ್ಯುವವನ ಬೆಳಗಿನ ದುಡಿಮೆಗೆ ಕಾವ್ಯದ ಪೀಠ ಸಿಕ್ಕಿದ್ದು ನಮ್ಮ ನುಡಿಯ ಭಾಗ್ಯ.

ಯಾವ ಹೂ ಯಾರಿಗೆ ಎಂಬ ಕಟ್ಟಳೆಯೂ ಈ ಶತಮಾನಗಳಲ್ಲಿ ಜನರ ನಡುವೆ ಗಟ್ಟಿಯಾಯಿತು. ಶಿವನಿಗೆ ತುಂಬೆ, ಕಣಗಿಲೆ, ಎಕ್ಕೆ, ಬಿಲ್ವ. ಕೇದಗೆ ಮಾತ್ರ ಅವನಿಗೆ ಸಲ್ಲದು. ಹನುಮಪ್ಪನಿಗೆ ಶನಿವಾರ ಎಕ್ಕೆಯ ಹಾರ. ಮೂಸಿ ನೋಡಿದ ಹೂ ದೇವರಿಗೆ ಆಗದು. ನೆಲಕ್ಕೆ ಬಿದ್ದ ಹೂ ಆಗದು. ಪಾರಿಜಾತಕ್ಕೆ ಮಾತ್ರ ಆ ನಿಯಮದಿಂದ ಬಿಡುಗಡೆ. ತಾನಾಗಿ ಉದುರುವುದೇ ಅದರ ಧರ್ಮವಾದ್ದರಿಂದ ಅದನ್ನು ನೆಲದಿಂದಲೇ ಆರಿಸಿ ಏರಿಸುತ್ತಾರೆ.

ಕಡಲಾಚೆಯ ಹೂ, ದರ್ಗಾದ ಹೂ

ವಿಜಯನಗರದ ವೈಭವದ ದಿನಗಳಲ್ಲಿ, 1443ರಲ್ಲಿ, ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ರಾಜಧಾನಿಯ ಪೇಟೆಯನ್ನು ಕಂಡು ಬೆರಗಾದ. ಗುಲಾಬಿ ಮಾರುವವರನ್ನು ಎಲ್ಲೆಲ್ಲೂ ಕಂಡ ಅವನು, ಈ ಊರಿನವರಿಗೆ ಅನ್ನದಷ್ಟೇ ಹೂವೂ ಅಗತ್ಯ ಎಂಬ ಅರ್ಥದಲ್ಲಿ ಬರೆದಿಟ್ಟ. ಹಂಪೆಯ ದೇವರುಗಳಿಗೆ ಹೂ ಹೋಗುತ್ತಿದ್ದುದು ಹೂವಿನ ಹಡಗಲಿಯಿಂದ ಎಂಬ ಪ್ರತೀತಿ ಇಂದಿಗೂ ಆ ಸೀಮೆಯಲ್ಲಿದೆ.

16ನೇ ಶತಮಾನದಲ್ಲಿ ಪೋರ್ಚುಗೀಸರು ಗೋವೆಯಲ್ಲಿ ನೆಲೆಯೂರಿದ ಮೇಲೆ ಕಡಲಾಚೆಯ ಗಿಡಗಳು ನಮ್ಮ ನಾಡಿಗೆ ಬರತೊಡಗಿದವು. ಮೆಣಸಿನಕಾಯಿ ಹಾಗೆಯೇ ಬಂತು, ಚೆಂಡು ಹೂವೂ ಹಾಗೆಯೇ ಬಂತು. ಇಂದು ಚೆಂಡು ಹೂವಿಲ್ಲದ ದಸರಾ, ದೀಪಾವಳಿಯನ್ನು ಧಾರವಾಡ ಸೀಮೆಯ ಒಕ್ಕಲುಮಗ ನೆನೆಸಿಕೊಳ್ಳಲಾರ. ಆದರೆ ಅಮೃತೇಶ್ವರನ ಗುಡಿಗೆ ಮೊದಲ ಪೂಜೆ ನಡೆದಾಗ ಆ ಹೂ ಈ ನೆಲದಲ್ಲಿ ಇರಲಿಲ್ಲ. ಅದರ ತವರು ಮೆಕ್ಸಿಕೋ. ಅಲ್ಲಿಯ ಜನ ಮೃತರ ಹಬ್ಬದ ದಿನ ಹಿರಿಯರ ಸಮಾಧಿಗೆ ಇದೇ ಹೂವನ್ನು ಹಾಸುತ್ತಾರೆ. ಅಲ್ಲಿ ಹಿರಿಯರನ್ನು ಮನೆಗೆ ಕರೆಯುವ ಹೂ ಇಲ್ಲಿ ಲಕ್ಷ್ಮಿಯನ್ನು ಮನೆಗೆ ಕರೆಯುವ ಹೂವಾಯಿತು. ದೂರದಿಂದ ಬಂದದ್ದನ್ನು ತನ್ನ ಮನೆಯದನ್ನಾಗಿ ಮಾಡಿಕೊಳ್ಳುವ ಶಕ್ತಿ ಈ ನೆಲಕ್ಕೆ ಇದೆ.

ವಿಜಾಪುರದ ಆದಿಲಶಾಹಿ, ಸವಣೂರಿನ ನವಾಬಿ, ಪೇಶ್ವೆಯವರ ಆಳ್ವಿಕೆ ಒಂದರ ಹಿಂದೆ ಒಂದು ಬಂದವು. ಹೂ ಕೊಡುವವರ ಬಳಗ ದೊಡ್ಡದಾಯಿತು. ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ, ಬೆಣ್ಣಿಹಳ್ಳದ ದಂಡೆಯ ಮೇಲೆ, ಚಾಂಗದೇವನೆಂದೂ ರಾಜಾಬಾಗಸವಾರನೆಂದೂ ಎರಡು ಹೆಸರಿನಿಂದ ಪೂಜೆಗೊಳ್ಳುವ ಒಬ್ಬನೇ ಸಂತನಿದ್ದಾನೆ. ಅವನಿಗೆ ಹೂ ಏರಿಸುವವರಲ್ಲಿ ಹಿಂದೂಗಳೂ ಉಂಟು, ಮುಸ್ಲಿಮರೂ ಉಂಟು. ಹೂವಿನ ಚಾದರ ಹೊದಿಸುವವರು ಹೊದಿಸುತ್ತಾರೆ, ಸಕ್ಕರೆ ಓದಿಸುವವರು ಓದಿಸುತ್ತಾರೆ, ಕಾಯಿ ಒಡೆಸುವವರು ಒಡೆಸುತ್ತಾರೆ. ಮೊಹರಂ ಬಂತೆಂದರೆ ಈ ಸೀಮೆಯ ಹಳ್ಳಿಗಳಲ್ಲಿ ಅಲೈ ದೇವರ ಪಂಜಾಗಳಿಗೆ ಹೂವಿನ ಹಾರ ತರುವವರು ಬಹುಪಾಲು ಹಿಂದೂ ಮನೆಗಳವರೇ. ಹರಕೆ ಹೊತ್ತ ತಾಯಿ ಕೊಟ್ಟ ಹೂವಿಗೆ ಯಾವ ಗುಡಿಯವರೂ ಯಾವ ದರ್ಗಾದವರೂ ಜಾತಿ ಕೇಳಲಿಲ್ಲ.

ಹೂಬಾಣದ ದೇವರು ಕಾಮನಿಗೂ ನವಲಗುಂದದಲ್ಲಿ ಒಂದು ಪೀಠವಿದೆ. ಹೋಳಿಯ ದಿನಗಳಲ್ಲಿ ಅಲ್ಲಿಯ ರಾಮಲಿಂಗ ಕಾಮಣ್ಣನಿಗೆ ಹರಕೆ ಹೊರಲು ಜನ ದೂರದೂರದಿಂದ ಬರುತ್ತಾರೆ. ಮಗಳ ಮದುವೆ, ಸೊಸೆಗೆ ಮಗು, ಮಗನಿಗೆ ನೌಕರಿ — ಬೇಡಿಕೆ ಯಾವುದೇ ಇರಲಿ, ಮೊದಲು ಏರುವುದು ಹೂವಿನ ಹಾರ.

ಹೂಗಾರನ ಬೆಳಗು

ಈ ಎಲ್ಲ ಕಾಲಗಳನ್ನು ಒಂದಕ್ಕೊಂದು ಪೋಣಿಸಿ ತಂದವನು ಹಳ್ಳಿಯ ಹೂಗಾರ. ಗುರವ, ಜೀರ, ಪೂಜಾರ, ಫುಲಾರಿ ಎಂದು ಊರಿಗೊಂದು ಹೆಸರಿನಲ್ಲಿ ಅವನ ಮನೆತನ ಬಾಳಿತು. ಅನೇಕ ಊರುಗಳಲ್ಲಿ ಹನುಮಪ್ಪನ, ಬಸವಣ್ಣನ ಗುಡಿಯ ಪೂಜೆಯೂ ಅವನದೇ.

ಅವನ ದಿನ ಶುರುವಾಗುತ್ತಿದ್ದುದು ಕೋಳಿ ಕೂಗುವ ಮೊದಲು. ಮಡಿ ಉಟ್ಟು, ಬಿದಿರಿನ ಬುಟ್ಟಿ ಹಿಡಿದು, ಹಳ್ಳದ ದಂಡೆಯ ಕಣಗಿಲೆ, ಹೊಲದ ಬದುವಿನ ತುಂಬೆ, ಗುಡಿಯ ಹಿಂದಿನ ಬಿಲ್ವದ ಗಿಡ ಎಲ್ಲವನ್ನೂ ಅವನು ಕತ್ತಲಲ್ಲೇ ಸುತ್ತಿ ಬರುತ್ತಿದ್ದ. ಮನೆಗೆ ಬಂದ ಮೇಲೆ ಹೆಂಗಸರು ಕೈಗೂಡಿಸುತ್ತಿದ್ದರು. ಹಿಂದಿನ ರಾತ್ರಿಯೇ ನೆನೆಯಿಟ್ಟ ಬಾಳೆಯ ನಾರನ್ನು ಸೀಳಿ, ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿ, ಎರಡು ಹೂ ಈ ಕಡೆಗೆ ಎರಡು ಹೂ ಆ ಕಡೆಗೆ ಇಟ್ಟು ಗಂಟು ಬಿಗಿಯುವರು. ಗಂಟು ಬಿಗಿಯಾದರೆ ತೊಟ್ಟು ಕತ್ತರಿಸುತ್ತದೆ, ಸಡಿಲಾದರೆ ಹೂ ಜಾರುತ್ತದೆ. ನಡುನಡುವೆ ಮರುಗದ ಒಂದು ಕುಡಿ, ದವನದ ಒಂದು ಎಳೆ. ದಂಡೆಯನ್ನು ಅಳೆಯುತ್ತಿದ್ದುದು ಮೊಳದಲ್ಲಿ, ಮಾರಿನಲ್ಲಿ. ಅಳೆದ ಮೇಲೆ ನಾಲ್ಕು ಹೂ ಹೆಚ್ಚಿಗೆ ಬಿಟ್ಟು ಕತ್ತರಿಸುವುದು ಮನೆತನದ ಮರ್ಯಾದೆ.

ಹೊತ್ತು ಹುಟ್ಟುವಷ್ಟರಲ್ಲಿ ಅವನು ಓಣಿಯಲ್ಲಿ ಕಾಣಿಸುತ್ತಿದ್ದ. “ಯವ್ವಾ, ಹೂ-ಪತ್ರಿ ಇಟ್ಟೇನ್ರೀ” ಎಂದು ಕೂಗಿ, ಕಟ್ಟೆಯ ಮೇಲೆ ಎಲೆಯ ಪೊಟ್ಟಣ ಇಟ್ಟು ಮುಂದಿನ ಮನೆಗೆ ಹೋಗುತ್ತಿದ್ದ. ರೊಕ್ಕದ ಮಾತು ಆ ಹೊತ್ತಿನಲ್ಲಿ ಬರುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣದ ರಾಶಿ ಪೂಜೆಯಾದ ಮೇಲೆ ಬಡಿಗ, ಕಮ್ಮಾರ, ಕುಂಬಾರ, ಹಡಪದ, ಅಗಸರ ಜೊತೆಗೆ ಹೂಗಾರನಿಗೂ ಆಯದ ಕಾಳು ಸಲ್ಲುತ್ತಿತ್ತು. ರಾಶಿಯ ಮೇಲೆ ಮೊದಲ ಹೂ ಇಟ್ಟವನಿಗೆ ರಾಶಿಯಲ್ಲಿ ಪಾಲು. ವರ್ಷವಿಡೀ ಕೊಟ್ಟ ಹೂವಿಗೆ ಭೂಮಿತಾಯಿಯ ಎದುರಿಗೆ ತೀರಿಸುವ ಲೆಕ್ಕ ಅದು.

ಮಾತಿಗಿಂತ ಗಟ್ಟಿಯಾದ ಹೂ

18ನೇ ಶತಮಾನದಲ್ಲಿ ತುರ್ಕಿಯಿಂದ ಲೇಡಿ ಮೇರಿ ಮಾಂಟೆಗ್ಯೂ ಎಂಬ ಇಂಗ್ಲಿಷ್ ಹೆಂಗಸು ಬರೆದ ಪತ್ರಗಳ ಮೂಲಕ, ಹೂವುಗಳಿಂದಲೇ ಗುಟ್ಟಿನ ಸಂದೇಶ ಕಳಿಸುವ ಪದ್ಧತಿಯೊಂದು ಯುರೋಪಿಗೆ ಪರಿಚಯವಾಯಿತು. 1819ರಲ್ಲಿ ಪ್ಯಾರಿಸ್ಸಿನಲ್ಲಿ ಹೂವಿನ ಭಾಷೆಗೆಂದೇ ಒಂದು ಪುಸ್ತಕ ಅಚ್ಚಾಯಿತು. ಅಲ್ಲಿ ಹೂವಿನ ಅರ್ಥ ಕೊಟ್ಟವರಿಗೂ ಪಡೆದವರಿಗೂ ಮಾತ್ರ ಗೊತ್ತಿರಬೇಕು. ಬೆಳ್ವೊಲದ ಹಳ್ಳಿಯಲ್ಲಿ ಹೂವಿನ ಅರ್ಥ ಓಣಿಯ ಕೂಸಿಗೂ ಗೊತ್ತಿರುತ್ತಿತ್ತು. ಗುಟ್ಟಿನಲ್ಲಿ ಕೊಟ್ಟ ಹೂವಿಗೆ ಇಲ್ಲಿ ಬೆಲೆಯೇ ಇರಲಿಲ್ಲ.

ಹೆಣ್ಣು ನೋಡಲು ಬಂದವರು ಒಪ್ಪಿದರೆ ಹಿರಿಯ ಮುತ್ತೈದೆ ಎದ್ದು ಹುಡುಗಿಗೆ ಹೂ ಮುಡಿಸುತ್ತಾಳೆ. ಕಾಗದ ಇಲ್ಲ, ಸಹಿ ಇಲ್ಲ. ಹೂ ಮುಡಿಸಿದ ಮೇಲೆ ಆ ಹುಡುಗಿ ಆ ಮನೆಯವಳು. ಹಿಂದೆ ಸರಿದರೆ ಊರಲ್ಲಿ ತಲೆ ಎತ್ತುವ ಹಾಗಿಲ್ಲ. ಮದುವೆ ಗೊತ್ತಾದ ಮೇಲೆ ಬರುವ ಗೌರಿ ಹುಣ್ಣಿಮೆಗೆ ಗಂಡಿನ ಕಡೆಯವರು ಸಕ್ಕರೆ ಆರತಿ, ಸೀರೆ, ಹೂವಿನ ದಂಡೆ ಹೊತ್ತು ಬೀಗರ ಊರಿಗೆ ಬರುತ್ತಾರೆ. ಚಕ್ಕಡಿಯಿಂದ ಇಳಿದವರ ಬುಟ್ಟಿಯಲ್ಲಿ ಎಷ್ಟು ಹೂ ಬಂದಿದೆ ಎಂದು ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ನೋಡುತ್ತಾರೆ.

ಮಗಳು ಬಸುರಿಯಾದರೆ ತವರಿನವರು ಕುಬುಸ ಮಾಡುತ್ತಾರೆ. ಹಸಿರು ಸೀರೆ, ಹಸಿರು ಬಳೆ, ತಲೆ ತುಂಬ ಹೂವಿನ ದಂಡೆ. ಹೆರಿಗೆಯಾಗಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಆ ತೊಟ್ಟಿಲಿಗೂ ಹೂ ಕಟ್ಟುತ್ತಾರೆ. ಉಳ್ಳವರ ಮನೆಯಲ್ಲಿ ಅದು ಕಲಘಟಗಿಯ ತೊಟ್ಟಿಲು. ಸಾಗುವಾನಿಯಲ್ಲಿ ಕಡೆದು, ಬಣ್ಣ ತುಂಬಿ, ಪುರಾಣದ ಚಿತ್ರ ಬರೆದ ಆ ತೊಟ್ಟಿಲಿಗೆ ಇಡೀ ಕರ್ನಾಟಕದಲ್ಲಿ ಹೆಸರಿದೆ. ತವರಿಗೆ ಬಂದ ಮಗಳು ಮರಳಿ ಹೊರಡುವಾಗ ಉಡಿ ತುಂಬುತ್ತಾರೆ. ಅಕ್ಕಿ, ಕಾಯಿ, ಉತ್ತತ್ತಿ, ಅಡಿಕೆ, ಅರಿಷಿಣದ ಕೊಂಬು, ಗುಳೇದಗುಡ್ಡದ ಖಣ, ಎಲ್ಲದರ ಮೇಲೆ ಹೂ. ಬಡವರ ಮನೆಯಲ್ಲಿ ಖಣ ಇಲ್ಲದಿರಬಹುದು, ಉತ್ತತ್ತಿ ಇಲ್ಲದಿರಬಹುದು. ಹೂವಿಲ್ಲದೆ ಉಡಿ ತುಂಬಿದ ತಾಯಿ ಇಲ್ಲ.

ದೇವರೂ ಮನುಷ್ಯರಿಗೆ ಹೂ ಕೊಡುತ್ತಿದ್ದ. ಬಾವಿ ತೋಡಬೇಕೇ, ಹೆಣ್ಣು ತರಬೇಕೇ, ದೂರದ ಊರಿಗೆ ದುಡಿಯಲು ಹೋಗಬೇಕೇ — ಮನಸ್ಸು ತೂಗುಯ್ಯಾಲೆಯಾದಾಗ ಜನ ಗುಡಿಗೆ ಹೋಗಿ ಹೂ ಕೇಳುತ್ತಿದ್ದರು. ಪೂಜಾರಿ ಮೂರ್ತಿಗೆ ನೀರು ಚಿಮುಕಿಸಿ ಎರಡೂ ಭುಜಕ್ಕೆ ಒಂದೊಂದು ಹೂ ಅಂಟಿಸುತ್ತಾನೆ. ಕೇಳಿದವಳು ಸೆರಗೊಡ್ಡಿ ಕೂಡುತ್ತಾಳೆ. ಗರ್ಭಗುಡಿಯಲ್ಲಿ ಎಣ್ಣೆಯ ದೀಪ, ಊದಿನಕಡ್ಡಿಯ ಹೊಗೆ, ಯಾರೂ ಮಾತಾಡುವಂತಿಲ್ಲ. ಕೆಲವೊಮ್ಮೆ ಗಳಿಗೆ ಕಳೆದರೂ ಹೂ ಅಲುಗುವುದಿಲ್ಲ. ಕೊನೆಗೆ ಒಂದು ಹೂ ಸರಿದು ಬೀಳುತ್ತದೆ. “ಬಲಕ್ಕ ಕೊಟ್ಟ ನೋಡವ್ವಾ, ಇನ್ನ ಚಿಂತಿ ಬಿಡು” ಎಂದು ಪೂಜಾರಿ ಆ ಹೂವನ್ನು ಅವಳ ಸೆರಗಿಗೆ ಹಾಕುತ್ತಾನೆ. ಎಡಕ್ಕೆ ಬಿದ್ದರೆ ಅವಳು ತುಟಿ ಪಿಟಕ್ಕೆನ್ನದೆ ಎದ್ದು, ಆ ಕೆಲಸವನ್ನು ಮುಂದಿನ ವರ್ಷಕ್ಕೆ ಬಿಟ್ಟು, ಮನೆಗೆ ಹೋಗುತ್ತಾಳೆ. ತಲೆಮಾರುಗಳ ಬಾಳಿನ ದೊಡ್ಡ ತೀರ್ಮಾನಗಳು ಹೀಗೆ ಒಂದು ಹೂವಿನ ಮೇಲೆ ನಿಂತವು.

ಹೊಲಕ್ಕೂ ಹೂವಿನ ಸಲ್ಲಿಕೆ ಇತ್ತು. ಸೀಗಿ ಹುಣ್ಣಿಮೆಯ ಹೊತ್ತಿಗೆ ಪೈರು ತೆನೆಗಟ್ಟುವ ಹದಕ್ಕೆ ಬಂದಿರುತ್ತದೆ, ಭೂಮಿತಾಯಿ ಬಸುರಿ. ಮನೆಮಂದಿಯೆಲ್ಲ ಚಕ್ಕಡಿ ಹೂಡಿ ಹೊಲಕ್ಕೆ ಹೋಗಿ, ಐದು ಕಲ್ಲನ್ನು ಪಾಂಡವರೆಂದು ನಿಲ್ಲಿಸಿ, ಸುಣ್ಣ ಬಳಿದು, ಹೂ ಏರಿಸಿ, ಚರಗ ಚೆಲ್ಲಿ ಬರುತ್ತಾರೆ. ಬಸುರಿ ಮಗಳಿಗೆ ಮಾಡಿದ ಮರ್ಯಾದೆಯೇ ಬಸುರಿ ಭೂಮಿಗೂ. ದಸರೆಯಲ್ಲಿ ಬನ್ನಿಯ ಎಲೆ ಹೂವಿನ ಸ್ಥಾನಕ್ಕೆ ಬರುತ್ತದೆ. “ಬನ್ನಿ ತಗೊಂಡು ಬಂಗಾರದಂಗ ಇರೋಣ್ರೀ” ಎಂದು ಕಿರಿಯರು ಹಿರಿಯರ ಕೈಗೆ ಬನ್ನಿ ಕೊಟ್ಟು ಕಾಲಿಗೆ ಬೀಳುತ್ತಾರೆ. ವರ್ಷವಿಡೀ ಬದುವಿನ ಜಗಳ ಆಡಿದ ಅಣ್ಣತಮ್ಮಂದಿರು ಆ ಸಂಜೆ ಒಬ್ಬರ ಮನೆಗೊಬ್ಬರು ಹೋಗಲೇಬೇಕು. ಕೋರ್ಟು ಕಚೇರಿ ಬಗೆಹರಿಸದ ಎಷ್ಟೋ ವ್ಯಾಜ್ಯಗಳನ್ನು ನಾಲ್ಕು ಬನ್ನಿ ಎಲೆ ಬಗೆಹರಿಸಿದೆ.

ಕೊನೆಯ ಹೂ ಸಾವಿನದು. ಲಿಂಗಾಯತ ಮನೆಗಳಲ್ಲಿ ಸತ್ತವರನ್ನು ಕೂಡಿಸಿ, ಹೂವಿನಿಂದ ಸಿಂಗರಿಸಿದ ವಿಮಾನದಲ್ಲಿ ಭಜನೆಯೊಂದಿಗೆ ಕೊಂಡೊಯ್ಯುತ್ತಾರೆ. ಸಮಾಧಿಯಲ್ಲಿ ವಿಭೂತಿಯ ಜೊತೆ ಪತ್ರಿ, ಹೂ. ವಿಮಾನ ಕಟ್ಟುವುದು ಮದುವೆಯ ದಂಡೆ ಕಟ್ಟಿದ ಹೂಗಾರನ ಕೈಯೇ.

ಹೂ ನಿರಾಕರಿಸಿದ ಪಾಪ

ಈ ಕಥನದಲ್ಲಿ ಮುಚ್ಚಿಡಬಾರದ ಒಂದು ಪುಟವಿದೆ. ಹೂವಿಗೆ ಇಷ್ಟೊಂದು ಮರ್ಯಾದೆ ಕೊಟ್ಟ ಇದೇ ಊರುಗಳು ಗಂಡ ಸತ್ತ ಹೆಣ್ಣಿನ ತಲೆಯಿಂದ ಹೂ ಕಿತ್ತವು. ಸೀಗಿ ಹುಣ್ಣಿಮೆಗೆ ಹೊಲಕ್ಕೆ ಹೂ ಏರಿಸುವವರು, ಪರಸ್ಥಳದ ಚೆಂಡು ಹೂವನ್ನು ಮನೆಯ ಮಗಳಂತೆ ಸಾಕಿದವರು, ತಮ್ಮದೇ ಅಕ್ಕತಂಗಿಯರನ್ನು ಉಡಿ ತುಂಬುವ ಸಾಲಿನಿಂದ ಎಬ್ಬಿಸಿ ಒಳಮನೆಗೆ ಕಳಿಸಿದರು. ಹೂವನ್ನೇ ಋಣವೆಂದು ನಂಬಿದ ಸಮಾಜ ಅವಳ ಋಣವನ್ನು ಮಾತ್ರ ತೀರಿಸದೆ ಉಳಿಸಿಕೊಂಡಿತು.

2022ರ ಮೇ ತಿಂಗಳಲ್ಲಿ ಗಡಿಯಾಚೆಯ ಕೊಲ್ಹಾಪುರ ಜಿಲ್ಲೆಯ ಹೆರವಾಡ ಗ್ರಾಮ ಪಂಚಾಯತಿ, ವಿಧವೆಯರ ಬಳೆ ಒಡೆಯುವ, ಕುಂಕುಮ ಅಳಿಸುವ ಪದ್ಧತಿಗಳು ತನ್ನ ಊರಿನಲ್ಲಿ ಇನ್ನು ನಡೆಯಕೂಡದು ಎಂದು ಠರಾವು ಮಾಡಿತು. ಅದು ನೆರೆಯವರ ಊರು. ಅವರ ಮಾತು ನಮ್ಮ ಪಂಚಾಯತಿಗಳಿಗೂ ಕೇಳಿಸಬೇಕು.

ವೀರಗಲ್ಲಿಗೆ ಮತ್ತೆ ಹಾರ

ಸ್ವಾತಂತ್ರ್ಯದ ಹೋರಾಟ ಬಂದಾಗ ಹಾರಕ್ಕೂ ಹೊಸ ರೂಪ ಬಂತು. ಗಾಂಧೀಜಿಯವರು ಒಪ್ಪಿದ್ದು ಕೈನೂಲಿನ ಹಾರವನ್ನು. ಸಭೆಗಳಲ್ಲಿ ಮುಖಂಡರ ಕೊರಳಿಗೆ ಖಾದಿ ನೂಲಿನ ಲಡಿ ಬೀಳತೊಡಗಿತು. ಹತ್ತಿ ಬೆಳೆಯುವ ಈ ಸೀಮೆಗೆ ಆ ನೂಲು ತನ್ನದೇ ಹೊಲದ ಹೂವಿನಂತೆ ಸಲ್ಲಿತು. ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಕುಂದಗೋಳದಲ್ಲಿ ಅದೇ ಕಾಲಕ್ಕೆ ಗಾಯಕ ಸವಾಯಿ ಗಂಧರ್ವರು ಸಂಗೀತದ ಶಿಷ್ಯರನ್ನು ಬೆಳೆಸುತ್ತಿದ್ದರು. ಹುಬ್ಬಳ್ಳಿಯಿಂದ ಗಂಗೂಬಾಯಿ ಹಾನಗಲ್ ರೈಲು ಹಿಡಿದು ಪಾಠಕ್ಕೆ ಬರುತ್ತಿದ್ದರು. ಭೀಮಸೇನ ಜೋಶಿ ಗುರುವಿನ ಮನೆಯಲ್ಲೇ ಉಳಿದು ಕಲಿತರು. ಹೂ, ಹಣ್ಣು, ಕಾಯಿ ಮುಂದಿಟ್ಟು ಗುರುವಿನ ಕಾಲಿಗೆರಗಿ ವಿದ್ಯೆ ಬೇಡುವ ಸಂಪ್ರದಾಯದ ಮನೆ ಅದು.

1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಮಲಪ್ರಭೆಯ ನೀರಿನ ಕರದ ವಿರುದ್ಧ ಎದ್ದ ರೈತರ ಮೇಲೆ ಗುಂಡು ಹಾರಿತು. ರೈತರು ಪ್ರಾಣ ಕಳೆದುಕೊಂಡರು. ಅವರ ನೆನಪಿಗೆ ರೈತರು ಮತ್ತೆ ವೀರಗಲ್ಲು ನಿಲ್ಲಿಸಿದರು. ಪ್ರತಿ ವರ್ಷ ಜುಲೈ 21ಕ್ಕೆ ಹುತಾತ್ಮ ರೈತರ ದಿನ. ಹೆಗಲಿಗೆ ಹಸಿರು ಟವೆಲ್ ಹಾಕಿದವರು ಬಂದು ಕಲ್ಲಿಗೆ ಹಾರ ಹಾಕುತ್ತಾರೆ. ತುರುಗೋಳಿನಲ್ಲಿ ಮಡಿದವನಿಗೆ ಸಲ್ಲುತ್ತಿದ್ದ ಹೂ ಸಾವಿರ ವರ್ಷದ ನಂತರ ನೀರಿಗಾಗಿ ಮಡಿದವನಿಗೆ ಸಂದಿತು.

ಇಷ್ಟನ್ನೂ ಹೊತ್ತು ತಂದ ಹೂಗಾರನ ಆಯ ಮಾತ್ರ ನಿಂತಿದೆ. ರಾಶಿ ಈಗ ಕಣಕ್ಕೆ ಬರುವ ಮೊದಲೇ ಯಂತ್ರದಿಂದ ಚೀಲಕ್ಕೆ, ಚೀಲದಿಂದ ಮಾರುಕಟ್ಟೆಗೆ ಹೋಗುತ್ತದೆ. ಹೂ ಹುಬ್ಬಳ್ಳಿಯ ಪೇಟೆಯಿಂದ ಬಸ್ಸಿನಲ್ಲಿ ಬರುತ್ತದೆ. ಸಮಾರಂಭಗಳಲ್ಲಿ ಪ್ಲಾಸ್ಟಿಕ್ಕಿನ ಹಾರ ತೂಗುತ್ತದೆ. ಪ್ಲಾಸ್ಟಿಕ್ಕಿನ ಹಾರ ಬಾಡುವುದಿಲ್ಲ, ಅದನ್ನು ಕೊಟ್ಟವರಿಗೆ ಯಾವ ಋಣವೂ ಹುಟ್ಟುವುದಿಲ್ಲ. ಬಾಡುವ ಹೂವನ್ನು ದಿನವೂ ಹೊಸದಾಗಿ ಕೊಡಬೇಕು; ಸಂಬಂಧವೂ ಹಾಗೆ ದಿನವೂ ಹೊಸದಾಗುತ್ತ ಬಂದದ್ದರಿಂದಲೇ ಊರು ಊರಾಗಿ ಉಳಿಯಿತು.

ಆದ್ದರಿಂದ ಈ ಸೀಮೆಯ ಹಿರಿಯರಲ್ಲಿ, ಪಂಚಾಯತಿಗಳಲ್ಲಿ, ಜೀರ್ಣೋದ್ಧಾರ ಸಮಿತಿಗಳಲ್ಲಿ ಮೂರು ಬಿನ್ನಹ. ಗುಡಿಗೆ ಬಣ್ಣ ಬಳಿಸುವಾಗ ಗುಡಿಯ ಜಾಗದಲ್ಲಿ ನಾಲ್ಕು ಗುಂಟೆಯಾದರೂ ಹೂದೋಟಕ್ಕೆ ಬಿಡಿ; ಚಾಲುಕ್ಯರ ಕಾಲದವರು ಬಿಟ್ಟಿದ್ದರು. ಊರಿನ ಹೂಗಾರನಿಗೆ ಅವನ ದುಡಿಮೆಗೆ ತಕ್ಕ ಸಂಭಾವನೆಯನ್ನು ಕೇಳುವ ಮೊದಲೇ ಕೊಡಿ. ಮುಂದಿನ ಸಲ ಮನೆಯಲ್ಲಿ ಉಡಿ ತುಂಬುವಾಗ, ಒಳಮನೆಯಲ್ಲಿ ಕುಳಿತ ಆ ಅಕ್ಕನನ್ನು ಮೊದಲು ಕರೆದು ಅವಳ ಕೈಗೆ ಹೂ ಕೊಡಿ.